ಡಬ್ಬಿ ತೆಗೆಯದ ಭಾವ

ನಮ್ಮ ಭಾವನ ಮನೆಗೆ ಎಂದಾದರೂ ಕಳ್ಳ ನುಗ್ಗಿದರೆ ನನ್ನ ಮರುಕವೆಲ್ಲ ಕಳ್ಳನಿಗೇ ಮೀಸಲು. ಗೇಟಿಗೆ ಬೀಗ, ಮುಂಬಾಗಿಲಿಗೆ ಬೀಗ, ಬೀರುವಿಗೆ ಬೀಗ. ಅಷ್ಟನ್ನೂ ಮುರಿದು ಒಳಗೆ ಹೋದ ಬಡಪಾಯಿಗೆ ಕೊನೆಗೆ ಸಿಗುವುದು ಬೀಗ ಹಾಕಿದ ಉಪ್ಪಿನಕಾಯಿ ಡಬ್ಬಿ. ಇಂಥವರಿಗೆ ನನ್ನ ಅಕ್ಕನನ್ನು ಕೊಡುವ ಮಾತುಕತೆಗೆ ನನ್ನನ್ನು ಕೂರಿಸಿರಲಿಲ್ಲ. ಕೂರಿಸಿದ್ದರೆ ಸ್ವಲ್ಪ ಚೌಕಾಸಿ ಮಾಡುತ್ತಿದ್ದೆ.

ನನ್ನ ಕಸುಬೇ ಅದು. ಗೊರಗುಂಟೆಪಾಳ್ಯದಲ್ಲಿ, ಕೆಡವಿದ ಮನೆಗಳ ಬಾಗಿಲು ಕಿಟಕಿ ಕೊಂಡು ಮಾರುತ್ತೇನೆ. ಕೇಳದಿದ್ದರೂ ಒಂದು ಬುದ್ಧಿಮಾತು ಹೇಳಿಬಿಡುತ್ತೇನೆ: ಹಳೆ ಬಾಗಿಲು ಕೊಳ್ಳುವಾಗ ಮರ ನೋಡುವ ಮೊದಲು ಬೀಗದ ಕೈ ಕೇಳಿ. ತೇಗವೇ ಇರಲಿ, ಬೀಗವಿದ್ದು ಕೈ ಇಲ್ಲವೆಂದರೆ ಅರ್ಧ ಬೆಲೆಗಿಂತ ಮೇಲೆ ಹೋಗಬೇಡಿ.

ಭಾವನ ಈ ಬೀಗದ ಹುಚ್ಚು ಹುಟ್ಟಿದ್ದು ಜಾಲಹಳ್ಳಿಯ ಕಾರ್ಖಾನೆಯ ಗೇಟಿನಲ್ಲಿ. ಕೆಲಸಕ್ಕೆ ಸೇರಿದಂದಿನಿಂದ ಪ್ರತಿ ಸಂಜೆ ಊಟದ ಕ್ಯಾರಿಯರ್ ಬಿಚ್ಚಿ, ಡಬ್ಬಿಗಳನ್ನೆಲ್ಲ ಸೆಕ್ಯುರಿಟಿಯವನಿಗೆ ತೋರಿಸಿ, ಕೈ ಮೇಲೆತ್ತಿ ನಿಲ್ಲಬೇಕಿತ್ತು. ಕಾರ್ಖಾನೆಯ ಒಂದು ಮೊಳೆಯೂ ಆಚೆ ಹೋಗಬಾರದಲ್ಲ! ನಿವೃತ್ತರಾದ ಸಂಜೆ ಮನೆಗೆ ಬಂದವರು ಕೊರಳಿನ ಹಾರವನ್ನೂ ತೆಗೆಯದೆ ಗುಡುಗಿದರು.

"ಇವತ್ತೂ ಬಿಚ್ಚಿಸಿದ ಕಣೋ. ಕತ್ನಾಗೆ ಹಾರ ಐತೆ, ಡಬ್ಬಿ ತೆಗೀರಿ ಅಂತಾನೆ. ಇನ್ಮೇಲೆ ನನ್ ಡಬ್ಬಿ ಯಾವನ್ಗೂ ತೆಗೆಯಾಕಿಲ್ಲ."

ಅಂದಿನಿಂದ, ಯಲಹಂಕದ ಹತ್ತಿರ ಕೋಗಿಲಿನಲ್ಲಿದ್ದ ಆ ಮನೆ ಕೋಟೆಯಾಯಿತು. ಅಂಗಡಿಯಿಂದ ತಂದ ಸೋರೆಕಾಯಿಯನ್ನೂ ಪೇಪರಿನಲ್ಲಿ ಸುತ್ತಿ ಒಳಗೆ ಒಯ್ಯುತ್ತಿದ್ದರು. "ಸೋರೆಕಾಯಿಲಿ ಏನ್ರೀ ಗುಟ್ಟು?" ಎಂದು ಅಕ್ಕ ಕೇಳಿದರೆ, "ಇವತ್ತು ಸೋರೆಕಾಯಿ ನೋಡ್ತಾರೆ, ನಾಳೆ ಪಾಸ್‌ಬುಕ್ ನೋಡ್ತಾರೆ" ಎಂಬ ಉತ್ತರ.

ಇಂಥವರ ಕೈಗೆ ಸ್ಮಾರ್ಟ್‌ಫೋನ್ ಬಂತು. ಅದರ ಫೋಟೊ, ವಿಡಿಯೊಗಳ ನಕಲು ತಾನಾಗಿ ಎಲ್ಲೋ ದೂರದ ಕಂಪನಿಯ ಕಂಪ್ಯೂಟರಿಗೆ ಹೋಗಿ ಕೂರುತ್ತದೆ, ಅದಕ್ಕೆ ಬ್ಯಾಕಪ್ ಎನ್ನುತ್ತಾರೆ ಎಂದು ಹೇಳಿದ ತಪ್ಪಿಗೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆಮೇಲೆ ಅವರೇ ಹುಡುಕಾಡಿ, ಆ ನಕಲಿಗೂ ಬೀಗ ಹಾಕಿಕೊಡುವ ಕಂಪನಿಯೊಂದನ್ನು ಕಂಡುಹಿಡಿದರು. ಪಾಸ್‌ವರ್ಡ್ ನಮ್ಮದು, ನಾವು ಮರೆತರೆ ಕಂಪನಿಯವರೂ ತೆರೆಯಲಾರರು. ಹಾಗಂತ ಪರದೆಯ ಮೇಲೆ ಮೂಡಿದ ಎಚ್ಚರಿಕೆಯನ್ನು ಅವರು ಪ್ರಶಸ್ತಿಪತ್ರದ ಹಾಗೆ ನನಗೆ ಓದಿ ಹೇಳಿದರು.

"ಭಾವ, ಆ ಪಾಸ್‌ವರ್ಡು ಅಕ್ಕಂಗಾದ್ರೂ ಹೇಳಿಡಿ."

"ಇಬ್ರಿಗೆ ಗೊತ್ತಾದ್ರೆ ಅದು ಬೀಗ ಅಲ್ಲ, ಚಿಲಕ."

ಹಾಗಿದ್ದರೆ ಈ ಮಹಾನುಭಾವರು ಫೋನಿನಲ್ಲಿ ತುಂಬಿಟ್ಟಿದ್ದ ರಹಸ್ಯವಾದರೂ ಏನು? ನೀರಿನ ಟ್ಯಾಂಕರ್! ಡ್ರೈವರ್ ಅರ್ಧ ಲೋಡು ಸುರಿದು ಪೂರ್ತಿ ದುಡ್ಡು ಕೇಳುತ್ತಾನೆಂಬ ಗುಮಾನಿಯಿಂದ, ಟ್ಯಾಂಕರ್ ಬಂದಾಗಲೆಲ್ಲ ಮೊದಲಿಂದ ಕೊನೆಯವರೆಗೆ ವಿಡಿಯೊ. ಪೈಪು ಹಿಡಿಯುವುದು ಮಹಡಿಯ ಬಾಡಿಗೆದಾರ ಮಲ್ಲಪ್ಪ. ಬಾಗಲಕೋಟೆ ಕಡೆಯವನು, ಯಲಹಂಕದ ಕಾಲೇಜೊಂದರಲ್ಲಿ ಲ್ಯಾಬ್ ಅಸಿಸ್ಟೆಂಟ್. ಒಮ್ಮೆ ಸಂಪಿನೊಳಗೆ ಬಗ್ಗಿ ನೀರಿನ ಮಟ್ಟವನ್ನು ವಿಡಿಯೊದಲ್ಲಿ ಹಿಡಿಯಲು ಹೋಗಿ ಭಾವ ಫೋನನ್ನೇ ಸಂಪಿಗೆ ಅರ್ಪಿಸಿದರು. ಹೊಸ ಫೋನ್ ಕೊಡಿಸಿದೆ. ಬ್ಯಾಕಪ್ಪಿನಿಂದ ಹಳೆಯದನ್ನೆಲ್ಲ ಇಳಿಸಿಕೊಳ್ಳಿ ಎಂದೆ. "ಅರ್ಜೆಂಟ್ ಏನೈತೆ" ಎಂದರು. ಮುಂದಿನ ಸಲವೂ ಅದನ್ನೇ ಹೇಳಿದರು.

ಅಷ್ಟರಲ್ಲಿ ಮಲ್ಲಪ್ಪನನ್ನು ಪೊಲೀಸರು ಕರೆದೊಯ್ದರು. ಫೋನು ಸಂಪಿಗೆ ಬೀಳುವುದಕ್ಕೆ ಮೊದಲು ಪಕ್ಕದ ರಸ್ತೆಯಲ್ಲಿ ಹೆಂಗಸೊಬ್ಬರ ಸರ ಕಿತ್ತವನ ಬೈಕು ಇವನ ಬೈಕಿನಂತೆಯೇ ಇತ್ತಂತೆ. ನಾನು ಸ್ಟೇಷನ್ನಿಗೆ ಓಡಿದೆ.

"ಅಣ್ಣಾರ, ಆ ಹೊತ್ತಿನ್ಯಾಗ ನಾ ಪೈಪ ಹಿಡ್ಕೊಂಡ ನಿಂತಿದ್ನಿರಿ. ಯಜಮಾನ್ರು ವಿಡಿಯೊ ಮಾಡಾಕತ್ತಿದ್ರು. ಅದನ್ನೊಂದ ತೋರ್ಸ್ರಿ, ಸಾಕು" ಎಂದ ಮಲ್ಲಪ್ಪ. ಟ್ಯಾಂಕರಿನ ಡ್ರೈವರ್ ಊರಿಗೆ ಹೋದವನು ಫೋನಿಗೆ ಸಿಗುತ್ತಿರಲಿಲ್ಲ. ಮನೆಯವರ ಬಾಯಿಮಾತು ಸಾಲದೆಂದರು ಪೊಲೀಸರು. ಇನ್ನು ಉಳಿದ ಸಾಕ್ಷಿ ಭಾವನ ಬ್ಯಾಕಪ್ ಒಂದೇ. ಸಬ್‌ಇನ್ಸ್‌ಪೆಕ್ಟರ್ ಕಂಪನಿಗೆ ಬರೆದರು. ಆ ಬೀಗದ ಕೈ ನಮ್ಮ ಹತ್ತಿರ ಇಲ್ಲವೆಂದು ಉತ್ತರ ಬಂತು. ಭಾವನನ್ನು ಕೇಳಿದರು. ಮುಗಿಯಿತು.

"ಕೋರ್ಟಿಂದ ಕಾಗದ ತನ್ನಿ."

"ಯಜಮಾನ್ರೇ, ನಾಳೆ ಕಳ್ಳನೂ ಇದೇ ಬೀಗ ಹಾಕ್ಕೊಂಡು ಕೂತ್ರೆ ನಾವು ಯಾವ ಗೋಡೆಗೆ ತಲೆ ಚಚ್ಕೊಳ್ಳೋದು?"

"ನಿಮಗೊಂದು ಬೀಗದ ಕೈ ಕೊಟ್ರೆ, ನಾಳೆ ಅದು ಊರವರ ಕೈಗೆಲ್ಲ ಹೋಗಲ್ಲ ಅಂತ ಬರ್ಕೊಡ್ತೀರಾ?"

ಇಬ್ಬರ ಮಾತೂ ಸರಿ. ಇಬ್ಬರೂ ಸರಿಯಾಗಿರುವ ಜಗಳದಲ್ಲಿ ಮಧ್ಯಸ್ಥಿಕೆಗೆ ಇಳಿಯಬೇಡಿ, ಇದು ನನ್ನ ಇನ್ನೊಂದು ಬುದ್ಧಿಮಾತು. ಆದರೆ ಮಲ್ಲಪ್ಪ ಒಳಗಿದ್ದಾನಲ್ಲ, ಇಳಿದೆ. ಎರಡೂ ಕಡೆ ಚೌಕಾಸಿ ಮಾಡಿ ಒಂದು ಒಪ್ಪಂದಕ್ಕೆ ತಂದೆ: ಭಾವ ಸ್ಟೇಷನ್ನಿಗೆ ಬರುತ್ತಾರೆ, ತಮ್ಮ ಕೈಯಾರೆ ತೆರೆಯುತ್ತಾರೆ, ಆ ಒಂದು ವಿಡಿಯೊ ಮಾತ್ರ ತೋರಿಸುತ್ತಾರೆ, ಫೋನನ್ನು ಯಾರೂ ಮುಟ್ಟುವಂತಿಲ್ಲ. ಸಬ್‌ಇನ್ಸ್‌ಪೆಕ್ಟರ್ ಪುಣ್ಯಾತ್ಮ, ಒಪ್ಪಿದರು. ಭಾವನಿಗೆ ಬೇರೆ ನೆಪ ಉಳಿಯಲಿಲ್ಲ.

ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಗೋಡೆಗೆ ಮುಖ ಮಾಡಿ, ಫೋನನ್ನು ಎದೆಗೆ ಒತ್ತಿಕೊಂಡು ಏನೋ ಒತ್ತಿದರು. ಅಳಿಸಿದರು. ಮತ್ತೆ ಒತ್ತಿದರು.

"ಕನ್ನಡಕ ಬೇಕಾ ಸಾರ್?" ಎಂದು ಪೇದೆ ನಕ್ಕ.

ನಾನು ಹತ್ತಿರ ಹೋದೆ. ಭಾವ ಪರದೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು.

"ಬತ್ತಾ ಇಲ್ಲ ಕಣೋ."

"ಏನು, ನೆಟ್‌ವರ್ಕಾ?"

"ಪಾಸ್‌ವರ್ಡು. ಬೋ ದಿನ ಆಯ್ತು. ಮೊನ್ನೆ ಮನೆ ದಾರಿನೂ ಇಂಗೇ ಆಗಿತ್ತು. ನಿಮ್ಮಕ್ಕಂಗೆ ಹೇಳಬ್ಯಾಡ."

ಕೋರ್ಟು, ಕಾಗದ, ಹಕ್ಕು ಎಂದು ಅವರು ಇಲಾಖೆಯನ್ನೇ ಎದುರು ಹಾಕಿಕೊಂಡು ಮುಚ್ಚಿಟ್ಟಿದ್ದು ಇದನ್ನು. ಊರಿನ ಬಾಗಿಲಿಗೆಲ್ಲ ಬೆಲೆ ಕಟ್ಟುವ ನನಗೆ ಮನೆಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದದ್ದು ಕಂಡಿರಲಿಲ್ಲ.

ಹೆಬ್ಬಾಳದ ಡಾಕ್ಟರು ನೋಡಿದರು. ಇದು ಇನ್ನೂ ಹೆಚ್ಚುತ್ತದೆ, ಕಡಿಮೆಯಾಗುವ ಕಾಯಿಲೆಯಲ್ಲ ಎಂದರು. ಅಲ್ಲಿ ಚೌಕಾಸಿ ನಡೆಯಲಿಲ್ಲ. ಆ ಬ್ಯಾಕಪ್ ಇವತ್ತಿಗೂ ತೆರೆದಿಲ್ಲ. ಟ್ಯಾಂಕರಿನ ಡ್ರೈವರ್ ಊರಿಂದ ಬಂದು ಸಾಕ್ಷಿ ಹೇಳಿದ ಮೇಲೆ ಮಲ್ಲಪ್ಪನನ್ನು ಬಿಟ್ಟರು. ಅಷ್ಟರಲ್ಲಿ ಕಾಲೇಜಿನವರು ಅವನನ್ನು ಕೆಲಸದಿಂದ ತೆಗೆದಿದ್ದರು. ಕೋಣೆ ಖಾಲಿ ಮಾಡಿ ಬೀಗದ ಕೈ ಕೊಡಲು ಬಂದಾಗ ಭಾವ ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯಾವ ಬಾಗ್ಲುದಪ್ಪಾ ಇದು?" ಎಂದು ಕೇಳಿದರು. ಮಲ್ಲಪ್ಪ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಈಗ ಹಗಲು ಹೊತ್ತು ಅವರನ್ನು ನಾನೇ ಅಂಗಡಿಗೆ ಕರೆತರುತ್ತೇನೆ. ಅಕ್ಕ ಅದೇ ಹಳೆಯ ಕ್ಯಾರಿಯರಿನಲ್ಲಿ ಮುದ್ದೆ, ಅವರೆಕಾಳು ಸಾರು ಕಳಿಸುತ್ತಾಳೆ. ಉಂಡು, ಬಾಗಿಲುಗಳ ಸಾಲಿನ ನಡುವೆ ಸುಮ್ಮನೆ ಕೂರುತ್ತಾರೆ. ಸಂಜೆ ಹೊರಡುವಾಗ ನನ್ನ ಮುಂದೆ ಬಂದು ನಿಂತು ಕ್ಯಾರಿಯರ್ ಬಿಚ್ಚುತ್ತಾರೆ. ಖಾಲಿ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟು ಎರಡೂ ಕೈ ಮೇಲೆತ್ತುತ್ತಾರೆ.

"ನೋಡ್ಕಳಿ ಸಾರ್."

ಮೊದಲ ದಿನ ಏನು ಮಾಡುವುದೆಂದು ತೋಚಲಿಲ್ಲ. ಈಗ ಮುಖ ಆಚೆ ತಿರುಗಿಸಿಕೊಂಡೇ ಮುಚ್ಚಳ ಮುಚ್ಚಿ, ಕ್ಯಾರಿಯರ್ ಜೋಡಿಸಿ ಅವರ ಕೈಗೆ ಕೊಡುತ್ತೇನೆ.

"ನೋಡಾಕಿಲ್ವಾ ಸಾರ್?"

"ನಿಮ್ ಡಬ್ಬಿ ನೋಡಲ್ಲ ಯಜಮಾನ್ರೇ. ಹೋಗಿ ಬನ್ನಿ."

ಅವರು ಒಂದು ಗಳಿಗೆ ನನ್ನನ್ನೇ ದಿಟ್ಟಿಸುತ್ತಾರೆ. ಆಮೇಲೆ ಕ್ಯಾರಿಯರನ್ನು ಎದೆಗೆ ಅವುಚಿಕೊಂಡು, ತಲೆಯೆತ್ತಿ, ಅಂಗಡಿಯ ಹೊಸ್ತಿಲು ದಾಟುತ್ತಾರೆ.