ಗಂಜಿಪಾತ್ರೆಯ ಬುಡ ನೋಡಿದ ಕತೆ

ಯಾವ ವಸ್ತುವನ್ನೇ ಆಗಲಿ, ಕೊಳ್ಳುವ ಮೊದಲು ಹೊಗಳಬಾರದು. ಇದು ನಾನು ನಿಮಗೆ ಬಿಟ್ಟಿಯಾಗಿ ಕೊಡುವ ಬುದ್ಧಿಮಾತು. ಅಂಗಡಿಯವನ ಎದುರು ‘ಅಬ್ಬಾ, ಎಷ್ಟು ಚಂದ ಉಂಟು’ ಎಂದಿರೋ, ಅಲ್ಲಿಗೆ ನಿಮ್ಮ ಕತೆ ಮುಗಿಯಿತು. ಮೊದಲು ಮಗುಚಿ ಬುಡ ನೋಡಬೇಕು. ಬೆರಳ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳಬೇಕು. ಆಮೇಲೆ ಮುಖ ಹುಳಿ ಮಾಡಿ, ‘ಎಂತ ಮಾಡುವುದು ಇದನ್ನು’ ಎಂದು ಇದ್ದಲ್ಲಿಯೇ ಇಟ್ಟು ಹೊರಗೆ ನಡೆಯಬೇಕು. ಕರೆಯುತ್ತಾರೆ. ಕರೆದೇ ಕರೆಯುತ್ತಾರೆ. ಸೈಕಲ್ಲಿನ ಹಿಂದೆ ಗೋಣಿ ಕಟ್ಟಿಕೊಂಡು ಅಜೆಕಾರು, ಕಾರ್ಕಳ ಕಡೆಯ ಮನೆಮನೆಗೆ ತಿರುಗಿ ಹಳೆ ತಾಮ್ರ, ಹಿತ್ತಾಳೆ ಎತ್ತುತ್ತಿದ್ದ ನಾನು ಇಂದು ಕಾಪುವಿನ ಹೆದ್ದಾರಿಯ ಬದಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟು ಮಣಿಪಾಲದ ದೊಡ್ಡ ಜನರಿಗೆ ಅವರವರ ಅಜ್ಜಿಯರ ಕಾಲದ ಪಾತ್ರೆಗಳನ್ನೇ ಮಾರುತ್ತಿರುವುದು ಈ ಒಂದು ವಿದ್ಯೆಯಿಂದ.

ಆದರೆ ಈ ವಿದ್ಯೆಗೆ ಒಂದು ಕೆಟ್ಟ ಗುಣವಿದೆ. ಬೇಡದ ಕಡೆಯಲ್ಲಿಯೂ ಅದು ತಾನಾಗಿ ಕೆಲಸ ಮಾಡುತ್ತದೆ. ಮೊಮ್ಮಗಳು ಹುಟ್ಟಿದಾಗ ಮಣಿಪಾಲದ ಆಸ್ಪತ್ರೆಯಲ್ಲಿ ನರ್ಸಮ್ಮ ಮಗುವನ್ನು ತಂದು ನನ್ನ ಕೈಯಲ್ಲಿಟ್ಟರು. ಬೇರೆ ಅಜ್ಜಂದಿರಾದರೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ. ನಾನು ಮಗುವನ್ನು ಮೆಲ್ಲಗೆ ಆಚೆ ಈಚೆ ತಿರುಗಿಸಿ, ‘ಸ್ವಲ್ಪ ಸಪೂರ ಉಂಟು, ಅಲ್ವಾ?’ ಎಂದೆ. ನಾಮಕರಣದವರೆಗೆ ಮಗಳು ನನ್ನೊಡನೆ ಮಾತಾಡಲಿಲ್ಲ. ಅದನ್ನು ಹೇಗೋ ನಕ್ಕು ಮರೆತದ್ದಾಯಿತು. ಈಗ ಹೇಳಲಿರುವುದನ್ನು ನಗುತ್ತ ಹೇಳುವುದು ನನಗೆ ಕಷ್ಟ. ನೀವು ಬೇಕಾದರೆ ನಗಬಹುದು.

ನಮ್ಮ ಮನೆಯಿಂದ ಸ್ವಲ್ಪ ಒಳಗೆ ಒಂದು ಹಳೆಯ ಕಾಲುವೆಯಿದೆ. ಲಾರಿಗಳು ಬರುವುದಕ್ಕೆ ಮೊದಲು ಹೊಳೆಯಿಂದ ಪೇಟೆಯ ತನಕ ದೋಣಿ ಹೋಗಲೆಂದು ಹಿಂದಿನವರು ಗುದ್ದಲಿ ಹಿಡಿದು ಅಗೆದದ್ದು. ಅಕ್ಕಿ, ಉಪ್ಪು, ಹಂಚು ಎಲ್ಲವೂ ಅದರಲ್ಲಿಯೇ ಬರುತ್ತಿದ್ದವಂತೆ. ಈಗ ಅದರಲ್ಲಿ ಬರುವುದು ಮಳೆಗಾಲದ ಕೆಂಪು ನೀರು, ಉಳಿದ ದಿನ ಬಾತುಕೋಳಿಗಳು. ದಡದ ಹಳೆಯ ಉಪ್ಪಿನ ಗೋದಾಮಿನಲ್ಲಿ ಲಿಲ್ಲಿ ಟೀಚರ್ ಎಂಬವರು ಒಂದು ಸಣ್ಣ ಮ್ಯೂಸಿಯಂ ಮಾಡಿದ್ದಾರೆ. ಅರ್ಧ ಊರಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಇರುವ ಜಾಗ ಎರಡು ಕೋಣೆ. ಹಾಗಾಗಿ ಕಾಲುವೆಗೆ ಸಂಬಂಧಪಟ್ಟ ವಸ್ತುವಾದರೆ ಮಾತ್ರ, ಅದೂ ನೋಡಿ, ಕೇಳಿ, ಸರಿ ಎನಿಸಿದರೆ ಮಾತ್ರ ಇಟ್ಟುಕೊಳ್ಳುತ್ತಾರೆ. ಇಟ್ಟುಕೊಂಡ ಮೇಲೆ ಅದರ ಅಡಿಯಲ್ಲಿ ಒಂದು ಫಲಕ: ಏನು, ಯಾರದ್ದು, ಕೊಟ್ಟವರು ಯಾರು.

ಆ ಫಲಕದ ಮೇಲೆ ನನ್ನ ಹೆಂಡತಿ ಸುಮತಿಯ ಮನಸ್ಸು ಹೋಯಿತು. ಅವಳ ಅಮ್ಮ, ಅಂದರೆ ನನ್ನ ಮಾಮಿ, ಅದೇ ಕಾಲುವೆಯ ಕಟ್ಟೆಯಲ್ಲಿ ದೋಣಿಯವರಿಗೆ ಗಂಜಿ ಬೇಯಿಸಿ ಬಡಿಸುತ್ತಿದ್ದವರು. ಅವರು ತೀರಿಕೊಂಡ ಮೇಲೆ ಆ ಗಂಜಿಯ ತಾಮ್ರದ ಪಾತ್ರೆ ನಮ್ಮ ಮನೆಯ ಅಟ್ಟ ಸೇರಿತ್ತು. ಸುಮತಿ ಅದನ್ನು ಇಳಿಸಿ, ಹುಣಸೆಹುಳಿ ಹಾಕಿ ಉಜ್ಜಿ, ಅಮ್ಮನದೇ ಹಳೆ ಸೀರೆಯಲ್ಲಿ ಸುತ್ತಿದಳು. ‘ಅಮ್ಮನ ಫೋಟೋ ಒಂದೂ ಇಲ್ಲ. ಎಲ್ಲಿಯಾದರೂ ಒಂದು ಕಡೆ ಹೆಸರಾದರೂ ಇರಲಿ’ ಎಂದಳು. ನನ್ನಿಂದ ಅವಳು ಕೇಳಿದ್ದು ಇಷ್ಟೇ: ಸ್ಕೂಟರಿನಲ್ಲಿ ಬಿಡಬೇಕು, ಮತ್ತು ಅಲ್ಲಿ ಸುಮ್ಮನಿರಬೇಕು. ಸ್ಕೂಟರಿನಲ್ಲಿ ಬಿಟ್ಟೆ.

ಒಳಗೆ ಕಾಲಿಟ್ಟದ್ದೇ ನನ್ನ ಕಣ್ಣು ಕೆಲಸ ಸುರು ಮಾಡಿತು. ದೋಣಿ ನೂಕುವ ಜಲ್ಲೆಗಳು, ಬಿದಿರು ಒಳ್ಳೆಯದು, ತುದಿ ಒಡೆದಿದೆ. ಉಪ್ಪು ಅಳೆಯುವ ಮರದ ಕಳಸೆ. ಹಲಸು, ಗೆದ್ದಲು ತಾಗಿದೆ. ಗೋಡೆಗೆ ಒರಗಿಸಿದ ಅರ್ಧ ದೋಣಿ. ಅಡ್ಡ ಹಲಗೆ ಬಡಿದು ಕಪಾಟು ಮಾಡಿದರೆ ಯಾವುದಾದರೂ ರೆಸಾರ್ಟಿನವರು ಕಣ್ಣು ಮುಚ್ಚಿ ಒಯ್ಯುತ್ತಾರೆ. ನನ್ನ ಬೆರಳು ದೋಣಿಯ ಪಕ್ಕೆಯನ್ನು ಕುಟ್ಟುತ್ತಿರುವುದನ್ನು ಕಂಡು ಲಿಲ್ಲಿ ಟೀಚರ್ ಕನ್ನಡಕದ ಮೇಲಿನಿಂದ ನೋಡಿದರು. ಕೈಯನ್ನು ಕಿಸೆಗೆ ಹಾಕಿಕೊಂಡೆ.

ಸುಮತಿ ಮೇಜಿನ ಮೇಲೆ ಪಾತ್ರೆಯನ್ನು ಇಟ್ಟು ಸೀರೆ ಬಿಚ್ಚಿದಳು. ಟೀಚರ್ ಮುಂದಕ್ಕೆ ಬಾಗಿ, ‘ದೊಡ್ಡ ಪಾತ್ರೆ ಅಲ್ವಾ! ಹೇಗುಂಟು ಇದು?’ ಎಂದರು. ಕೇಳಿದ್ದು ಸುಮತಿಯನ್ನು. ಆದರೆ ಒಂದು ಮೇಜು, ಮೇಜಿನ ಮೇಲೆ ಹಳೆ ಪಾತ್ರೆ, ಆಚೆ ಕಡೆ ಅದನ್ನು ಕೊಡಲು ಬಂದ ಹೆಂಗಸು. ಇಷ್ಟು ಕಂಡರೆ ಸಾಕು, ನಾನು ಯಾವ ಕಡೆಯವನೆಂದು ನನಗೇ ಮರೆತುಹೋಗುತ್ತದೆ. ಇಡೀ ಜನ್ಮ ಮೇಜಿನ ಈಚೆ ಕಡೆ ಕುಳಿತವನು ನಾನು. ಕೈ ಕಿಸೆಯಿಂದ ಹೊರಗೆ ಬಂತು. ಪಾತ್ರೆ ಮಗುಚಿತು.

‘ಬುಡ ಬದಲಿಸಿದ್ದಾರೆ ಟೀಚರ್. ಬೆಸುಗೆ ನೋಡಿ, ಇಲ್ಲಿ. ಕಲಾಯಿ ಹೋಗಿ ಯಾವ ಕಾಲವಾಯಿತೋ. ಒಂದು ಹಿಡಿ ಇಲ್ಲ. ಅಂಚು ಅಂತೂ ಪೂರ್ತಿ ನಗ್ಗಿ ಹೋಗಿದೆ. ಇಂಥದ್ದನ್ನೆಲ್ಲ ನೀವು ಇಟ್ಟುಕೊಂಡಿರೋ, ನಾಳೆ ಊರಿನವರು ಗುಜರಿ ತಂದು ನಿಮ್ಮ ಬಾಗಿಲಿಗೆ ಸುರಿಯುತ್ತಾರೆ.’

‘ಹಾಗಾದರೆ ಬೇಡ ಅಂತೀರಾ ಸಂಜೀವಣ್ಣ?’

‘ನಾನಾದರೆ ಮುಟ್ಟುವುದಿಲ್ಲ,’ ಎಂದೆ. ಎಂದು, ರೂಢಿಯಂತೆ ಬಾಗಿಲ ಕಡೆಗೆ ಹೊರಟೂ ಹೊರಟೆ.

ಈ ಸಲ ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಸುಮತಿ ಪಾತ್ರೆಯನ್ನು ಮತ್ತೆ ಸೀರೆಯಲ್ಲಿ ಸುತ್ತುತ್ತಿದ್ದಳು. ‘ಇವರಿಗೆ ಗೊತ್ತುಂಟು ಟೀಚರ್. ದೊಡ್ಡ ವ್ಯಾಪಾರಿ. ಗುಜರಿಯೇ ಇರಬೇಕು. ನಿಮ್ಮ ಹೊತ್ತು ಹಾಳು ಮಾಡಿದೆ,’ ಎಂದಳು. ಸ್ವರ ಏರಲಿಲ್ಲ. ಏರಿದ್ದರೆ ನನಗೆ ಎಷ್ಟೋ ಸುಖವಿತ್ತು.

ಆಗ ನನ್ನ ತಲೆಗೆ ಹೋಯಿತು ನೋಡಿ. ಓಡಿ ಬಂದು, ‘ಇಲ್ಲ ಟೀಚರ್, ಪಾತ್ರೆ ಒಳ್ಳೆಯದುಂಟು,’ ಎಂದೆ.

‘ಎಂತ ಒಳ್ಳೆಯದು?’

ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸಿದ ಹಾಗಾಯಿತು. ಕುಂದು ಹೇಳಲು ನನ್ನಲ್ಲಿ ಮಾತಿನ ಗೋದಾಮೇ ಇದೆ. ಹೊಗಳಲು ಒಂದು ಹಿಡಿಯೂ ಇಲ್ಲ ಎಂಬುದು ಅಲ್ಲಿಯ ತನಕ ನನಗೆ ತಿಳಿದಿರಲಿಲ್ಲ. ಬಹಳ ಹುಡುಕಿ, ‘ಒಳ್ಳೆ... ಭಾರ ಉಂಟು,’ ಎಂದೆ.

‘ಭಾರ!’ ಎಂದಳು ಸುಮತಿ. ‘ನನ್ನ ಅಮ್ಮನನ್ನು ತಕ್ಕಡಿಗೆ ಹಾಕ್ತೀರಾ?’ ಪಾತ್ರೆಯನ್ನು ಅಲ್ಲಿಯೇ ಬಿಟ್ಟು ಹೊರಗೆ ಹೋಗಿ ಕಾಲುವೆಯ ಮೆಟ್ಟಿಲಲ್ಲಿ ಕುಳಿತಳು.

ಟೀಚರ್ ನನಗೆ ಸ್ಟೂಲು ತೋರಿಸಿದರು. ‘ಹೇಳಿ ಮಾರಾಯ್ರೇ. ಬುಡದ ವಿಷಯ ಸಾಕು. ಇದರಲ್ಲಿ ಯಾರು ಎಂತ ಮಾಡುತ್ತಿದ್ದರು, ಅದನ್ನು ಹೇಳಿ. ಇಡುವುದೋ ಬಿಡುವುದೋ ಆಮೇಲೆ.’

ಹೇಳಿದೆ. ದೋಣಿಗಳು ಕಡಿಮೆಯಾಗುತ್ತಿದ್ದ ಕಾಲ. ನಾನು ಸೈಕಲ್ಲಿನಲ್ಲಿ ಆ ಕಟ್ಟೆಗೆ ಹೋದದ್ದು ಇದೇ ಪಾತ್ರೆಯನ್ನು ಕೊಳ್ಳಲು. ಅಂದೂ ಮಗುಚಿ ಬುಡ ನೋಡಲು ಹೊರಟರೆ ಒಳಗೆ ಗಂಜಿಯಿತ್ತು. ಮಾಮಿ ನಕ್ಕು, ‘ಖಾಲಿ ಆಗದೆ ಬುಡ ಹೇಗೆ ನೋಡ್ತೀಯಾ ಮಗಾ? ಕೂತುಕೋ, ಖಾಲಿ ಮಾಡು,’ ಎಂದು ಬಟ್ಟಲು ಮುಂದಿಟ್ಟರು. ಒಣಮೀನಿನ ಚಟ್ನಿ ಇತ್ತು. ಮಧ್ಯಾಹ್ನ ಹಸಿದು ಬರುವವರಿಗೆ ಅದು ಎಂದೂ ಖಾಲಿಯಾಗುವ ಪಾತ್ರೆಯಲ್ಲ ಎಂದು ತಿಳಿಯಲು ನಾನು ಹಲವು ಸಲ ಹೋಗಬೇಕಾಯಿತು. ಪಾತ್ರೆ ಸಿಗಲಿಲ್ಲ, ಮಗಳನ್ನು ಕೊಟ್ಟರು.

ಟೀಚರ್ ಪೆನ್ನು ತೆರೆದರು. ‘ಇಷ್ಟು ಸಾಕು. ಇಟ್ಟುಕೊಳ್ಳುತ್ತೇನೆ. ಅವರ ಹೆಸರು ಹೇಳಿ.’

‘ಮಾಮಿ,’ ಎಂದೆ.

‘ಅದು ನಿಮಗೆ ಮಾಮಿ. ಹೆಸರು?’

ಓದುಗರೇ, ನನಗೆ ಗೊತ್ತಿರಲಿಲ್ಲ. ದೋಣಿಯವರಿಗೆ ಗಂಜಿಯಕ್ಕ, ನನಗೆ ಮಾಮಿ, ನನ್ನ ಮಕ್ಕಳಿಗೆ ಅಜ್ಜಿ. ನಮ್ಮ ಮದುವೆಯ ಕಾಗದದಲ್ಲಿ ಹೆಸರು ಅಚ್ಚಾಗಿಯೇ ಇದ್ದಿರಬೇಕು. ಆ ಕಾಗದವನ್ನು ಬೆರಳಲ್ಲಿ ತಿಕ್ಕಿ ತೆಳ್ಳಗಾಯಿತು ಎಂದು ಪ್ರೆಸ್ಸಿನವನೊಡನೆ ಚರ್ಚೆ ಮಾಡಿದ್ದು ನೆನಪಿದೆ, ಓದಿದ್ದು ನೆನಪಿಲ್ಲ. ಪಾತ್ರೆ ನೋಡಿದರೆ ಯಾವ ಊರಿನ ಕಂಚುಗಾರರ ಕೈಕೆಲಸ ಎಂದು ಹೇಳಬಲ್ಲ ನಾನು, ಅದರಿಂದ ಉಂಡ ಮೇಲೆ ಉಣಿಸಿದವರ ಹೆಸರು ಕೇಳಿದರೆ ಪಾತ್ರೆ ಸುತ್ತಿದ ಸೀರೆಯ ಅಂಚನ್ನು ಬೆರಳಲ್ಲಿ ತಿಕ್ಕುತ್ತ ಕುಳಿತೆ.

‘ಗುಲಾಬಿ,’ ಎಂಬ ಸ್ವರ ಬಾಗಿಲಿನಿಂದ ಬಂತು. ಸುಮತಿ ಯಾವಾಗ ಎದ್ದು ಬಂದು ನಿಂತಿದ್ದಳೋ. ‘ಬರೆಯಿರಿ ಟೀಚರ್, ಗುಲಾಬಿ. ಮತ್ತೆ, ಅಂಚು ನಗ್ಗಿದ್ದು ಹಾಗೇ ಇರಲಿ, ಯಾರೂ ಸರಿ ಮಾಡುವುದು ಬೇಡ. ಗಂಜಿ ಆಯಿತು ಎಂದು ಅಮ್ಮ ಸೌಟಿನಿಂದ ಅಲ್ಲಿಗೆ ಬಡಿಯುತ್ತಿದ್ದರು. ತಿರುವಿನ ಆಚೆಯ ದೋಣಿಯವರಿಗೂ ಕೇಳುತ್ತಿತ್ತು. ಇವರಿಗೆ ಮಾತ್ರ ಅದು ಕುಂದು.’ ಆಮೇಲೆ ನನ್ನ ಕಡೆ ನೋಡದೆ, ‘ಮೊದಲು ಗಂಜಿ ಉಂಡ ಆ ದಿನವೂ ಇವರು ಬಟ್ಟಲು ನೆಕ್ಕಿಟ್ಟು ಉಪ್ಪು ಕಡಿಮೆ ಎಂದಿದ್ದರು. ಅದನ್ನು ನಿಮಗೆ ಹೇಳಿರಲಿಕ್ಕಿಲ್ಲ,’ ಎಂದಳು. ಹೇಳಿರಲಿಲ್ಲ.

ಟೀಚರ್ ದುಂಡಗಿನ ಅಕ್ಷರದಲ್ಲಿ ಬರೆದರು. ಸುಮತಿ ಆ ಹೆಸರನ್ನು, ಮಕ್ಕಳು ಓದುವ ಹಾಗೆ, ತುಟಿ ಅಲುಗಿಸಿ ಓದಿದಳು. ಕೊನೆಯ ಸಾಲಿಗೆ ಬಂದಾಗ ಟೀಚರ್ ತಲೆಯೆತ್ತಿ, ‘ಕೊಟ್ಟವರು ಎಂದು ಗಂಡ ಹೆಂಡತಿ ಇಬ್ಬರ ಹೆಸರೂ ಹಾಕಲಾ?’ ಎಂದು ಕೇಳಿದರು.

‘ಮಗಳು ಸುಮತಿ ಎಂದು ಹಾಕಿ, ಸಾಕು. ಅವರು ಕೊಟ್ಟವರಲ್ಲ, ಮುಟ್ಟುವುದಿಲ್ಲ ಎಂದವರು.’

‘ಕೆಳಗೆ ಸಣ್ಣ ಅಕ್ಷರದಲ್ಲಾದರೂ’ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ. ಹಾಗೆ ನನ್ನ ಜನ್ಮದಲ್ಲಿ ಮೊದಲ ಸಲ, ಎದುರಿನವರು ಹೇಳಿದ ಬೆಲೆಗೆ ತಲೆಯಾಡಿಸಿ, ಸ್ಕೂಟರಿನ ಬೀಗದ ಕೈ ಹುಡುಕುತ್ತ ಹೊರಗೆ ಬಂದೆ.