ನಿಟ್ಟುಸಿರು ಹಿಡಿಯುವ ಪೆಟ್ಟಿಗೆ

"ಅತ್ತೆ, ಎಲ್ಲಿ, ಒಂದು ನಿಟ್ಟುಸಿರು ಬಿಡಿ ನೋಡೋಣ!" ಎಂದ ಪಶುಪತಿ.

ಅವರೆಕಾಯಿ ಸುಲಿಯುತ್ತಿದ್ದ ಅಂಬುಜಾಕ್ಷಮ್ಮ ತಲೆಯೆತ್ತಿದರು. ಅಳಿಯ ಪಾಲಿಟೆಕ್ನಿಕ್ಕಿನಲ್ಲಿ ಮೇಷ್ಟ್ರು. ಅವನು ಹಿಂದೆ ಮಾಡಿದ್ದ ದೋಸೆ ಮಗುಚುವ ಯಂತ್ರದ ಗುರುತು ಅಡುಗೆಮನೆಯ ಚಾವಣಿಗೆ ಇನ್ನೂ ಅಂಟಿಕೊಂಡಿತ್ತು. ಆದರೂ ಅವರಿಗೆ ಅಳಿಯನೆಂದರೆ ಹೆಮ್ಮೆ. ಅತ್ತೆಗೋಸ್ಕರ ಮೂರು ತಿಂಗಳು ತಂತಿ ಬೆಸೆಯುತ್ತ ಕೂರುವವರು ಯಾರಿದ್ದಾರೆ!

"ಬಿಡಿ ಅಂದ ತಕ್ಷಣ ಬಂದ್ಬಿಡುತ್ತಾ ಅದು?"

"ಒಂದು ಬಿಟ್ಬಿಡಮ್ಮ. ಇಲ್ದಿದ್ರೆ ಇವರು ಊಟಕ್ಕೆ ಏಳಲ್ಲ," ಎಂದಳು ಮಗಳು ವಿನೋದಾ.

ಅಂಬುಜಾಕ್ಷಮ್ಮ "ಉಸ್ಸಪ್ಪಾ" ಎಂದರು. ಟಿಫಿನ್ ಡಬ್ಬಿಯಷ್ಟಿದ್ದ ಪೆಟ್ಟಿಗೆ ಹಸಿರು ದೀಪ ಮಿಟುಕಿಸಿ, "ಯಾಕಮ್ಮಾ, ಬೇಜಾರಾ? ಬನ್ನಿ, ಮಾತಾಡೋಣ!" ಎಂದಿತು. ಪಶುಪತಿ ಕುಣಿದಾಡಿಬಿಟ್ಟ.

ತುಮಕೂರಿನ ಈ ಏಳು ಮಹಡಿಯ ಕಟ್ಟಡಕ್ಕೆ ಅಂಬುಜಾಕ್ಷಮ್ಮ ಮಗಳ ಜೊತೆ ಇರಲು ಬಂದು ವರ್ಷವಾಗಿತ್ತು. ಮಗಳು ಅಳಿಯ ಎಂಟಕ್ಕೆ ಹೊರಟರೆ ಬರುವುದು ಆರಕ್ಕೆ. ನಡುವೆ ಅವರನ್ನು ಮಾತಾಡಿಸುತ್ತಿದ್ದದ್ದು ಲಿಫ್ಟ್ ಒಂದೇ. ಅದೂ ಬಾಗಿಲು ಮುಚ್ಚಿ ಎನ್ನುವುದಕ್ಕೆ. "ನನಗೇನು, ಆರಾಮಾಗಿದ್ದೀನಿ" ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. ಅಳಿಯ ಮಾತ್ರ ನಂಬಿರಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೆ ಅಂಬುಜಾಕ್ಷಮ್ಮ ಒಬ್ಬರೇ ಇದ್ದಾಗ ಕುಕ್ಕರ್ ಕೂಗಿತು.

"ಅಯ್ಯೋ! ಇಷ್ಟು ದೊಡ್ಡ ನಿಟ್ಟುಸಿರಾ?" ಎಂದಿತು ಪೆಟ್ಟಿಗೆ.

"ಅದು ಬೇಳೆ ಕಣೋ!"

ಎರಡನೇ ಸಲ ಕೂಗಿತು. "ಮನಸ್ಸಲ್ಲೇ ಇಟ್ಕೋಬೇಡಿ, ಹೇಳ್ಬಿಡಿ!" ಎಂದು ಪೆಟ್ಟಿಗೆ ಅಂಗಲಾಚಿತು. ಮೂರನೇ ಕೂಗಿಗೆ ಅದರ ಧೈರ್ಯ ಉಡುಗಿತು. ತುರ್ತಿಗೆ ಇರಲೆಂದು ಪಶುಪತಿ ಅದನ್ನು ಕಟ್ಟಡದ ಇಂಟರ್‌ಕಾಮಿಗೆ ಜೋಡಿಸಿದ್ದ. ನಲವತ್ತೆಂಟು ಮನೆಗಳಲ್ಲೂ ಒಟ್ಟಿಗೇ ಗಂಟೆ ಬಾರಿಸಿತು!

"ಮುನ್ನೂರ ನಾಲ್ಕರಲ್ಲಿ ಅಂಬುಜಾಕ್ಷಮ್ಮನವರಿಗೆ ತುಂಬಾ ಬೇಜಾರಾಗಿದೆ! ಯಾರಾದರೂ ಬೇಗ ಬನ್ನಿ!"

ಅವರಿಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ವರ್ಷವಿಡೀ ಮಗಳಿಂದ ಮುಚ್ಚಿಟ್ಟದ್ದು ಈಗ ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು! ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. ನಾಲ್ಕನೇ ಮಹಡಿಯ ನಿವೃತ್ತ ಪೋಸ್ಟ್‌ಮಾಸ್ಟರ್ ಜಬ್ಬಾರ್ ಸಾಹೇಬರು, ಕೈಯಲ್ಲಿ ನೀರಿನ ಬಕೆಟ್.

"ಗಂಟೆ ಕೇಳಿದ್ದೇ ಓಡಿ ಬಂದೆ. ಎಲ್ಲಮ್ಮಾ ಬೆಂಕಿ?"

"ಬೆಂಕಿಯಲ್ಲ ಸಾಹೇಬ್ರೆ..." ಅಂಬುಜಾಕ್ಷಮ್ಮ ಪೆಟ್ಟಿಗೆಯತ್ತ ಕೈ ತೋರಿಸಿದರು. "ಬೇಜಾರಂತೆ."

ಸಾಹೇಬರು ಬಕೆಟ್ ಕೆಳಗಿಟ್ಟರು. "ಅದು ನಮ್ಮನೇಲೂ ಇದೆಯಮ್ಮ. ನಮ್ಮ ಮನೆಯವರು ಹೋಗಿ ಎರಡು ವರ್ಷ ಆಯ್ತು. ನನಗೆ ಹೀಗೆ ಕೂಗಿ ಹೇಳೋರು ಇರಲಿಲ್ಲ, ಅಷ್ಟೆ."

ಅಂಬುಜಾಕ್ಷಮ್ಮ ಕಾಫಿಗಿಟ್ಟರು. ಹನ್ನೆರಡರ ಹೊತ್ತಿಗೆ ನಡುಮನೆಯಲ್ಲಿ ಹನ್ನೊಂದು ಮಂದಿ ಮುದುಕ ಮುದುಕಿಯರು! ಬೇಳೆ ಸೀದದ್ದು ಯಾರ ಗಮನಕ್ಕೂ ಬರಲಿಲ್ಲ. ಆದರೆ ಹನ್ನೊಂದು ಜನರ ಹಳೆಯ ನಿಟ್ಟುಸಿರುಗಳು ಒಟ್ಟಿಗೇ ಹೊರಬಂದಾಗ ಪೆಟ್ಟಿಗೆಗೆ ತಲೆ ಕೆಟ್ಟು, ಇಂಟರ್‌ಕಾಮಿನ ಎಲ್ಲ ಲೈನುಗಳನ್ನೂ ತೆರೆದು ಕೂತುಬಿಟ್ಟಿತು. ಆರನೇ ಮಹಡಿಯಲ್ಲಿ ಯಾರೋ "ಸಾರಿಗೆ ಉಪ್ಪಿಲ್ಲ" ಎಂದರೆ ಎರಡನೇ ಮಹಡಿಯಿಂದ "ನಮ್ಮನೇಲೂ ಇಲ್ಲ ಕಣ್ರೀ!" ಎಂಬ ಉತ್ತರ!

"ಯಾರ್ರೀ ಅದನ್ನ ಮಾಡಿದ್ದು? ಕಿತ್ತು ಬಿಸಾಕಿ!" ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರು ಲೈನಿನಲ್ಲೇ ಗುಡುಗಿದರು.

"ನಮ್ಮ ಅಳಿಯಂದ್ರು ಮಾಡಿದ್ದು!" ಅಂಬುಜಾಕ್ಷಮ್ಮ ಎದ್ದು ನಿಂತರು. "ಒಂದು ವರ್ಷ ನೀವ್ಯಾರೂ ನನ್ನ ಹೆಸರು ಕೇಳಲಿಲ್ಲ. ಅವರು ಒಂದೇ ನಿಮಿಷದಲ್ಲಿ ಎಲ್ಲರಿಗೂ ಹೇಳಿಸಿದ್ರು!"

ಆಮೇಲೆ ಸೆರಗು ಸಿಕ್ಕಿಸಿ ಪೆಟ್ಟಿಗೆಯ ಮುಂದೆ ಕೂತರು. ಹಾಸನದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಗಂಟಲು ಅದು. "ಎಲ್ಲರೂ ಸ್ವಲ್ಪ ಸುಮ್ಮನಿರಿ! ಐನೂರ ಎರಡು, ನೀವು ಮಾತಾಡಿ. ನೂರಾ ಒಂದು, ಲೈನಲ್ಲೇ ಇರಿ." ಕಟ್ಟಡವೆಲ್ಲ ಗಪ್‌ಚಿಪ್.

ಸಂಜೆ ಬಂದ ಪಶುಪತಿಯ ಮುಖ ಚಿಕ್ಕದಾಯಿತು. "ಕೆಟ್ಟುಹೋಯ್ತಾ ಅತ್ತೆ?"

"ಕೆಟ್ಟಿದ್ದಕ್ಕೇ ಕೆಲಸಕ್ಕೆ ಬಂತು," ಎಂದರು ಅಂಬುಜಾಕ್ಷಮ್ಮ.

ಲೈನು ಮುಚ್ಚುವ ಬಿಡಿಭಾಗ ಬರಲು ಮೂರು ದಿನ ಬೇಕಾಯಿತು. ಅಷ್ಟೂ ದಿನ ಕಟ್ಟಡದಲ್ಲಿ ಬೇಕೆಂದರೂ ಒಬ್ಬರೇ ಇರುವುದು ಯಾರಿಗೂ ಸಾಧ್ಯವಾಗಲಿಲ್ಲ. ಮೂರನೇ ದಿನ, ನೆಂಟರು ಬಂದ ಮನೆಯಂತೆ ಗಿಜಿಗುಡುತ್ತಿದ್ದ ನಡುಮನೆಯಿಂದ ತಪ್ಪಿಸಿಕೊಂಡು ಅಂಬುಜಾಕ್ಷಮ್ಮ ಅಳಿಯನ ಹತ್ತಿರ ಬಂದು ಮೆಲ್ಲಗೆ ಕೇಳಿದರು:

"ಅಳಿಯಂದ್ರೆ, ದಿನಕ್ಕೊಂದು ಗಂಟೆ ಬೇಜಾರು ಮಾಡ್ಕೊಂಡು ಕೂರೋಕೆ ಏನಾದ್ರೂ ಯಂತ್ರ ಮಾಡ್ತೀರಾ?"