ಕೌಂಟರಿನ ಕೆಂಪು ಮೂತಿ

ಆಸ್ಪತ್ರೆಯ ಚೀಟಿ ಕೌಂಟರಿನಲ್ಲಿ ಕೂತವಳು ನಗುವ ಸಂಗತಿಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅವೇ ಬರುತ್ತವೆ. ಆದರೆ ಬರುವಾಗ ಮೊದಲು ಸಿಟ್ಟು ಬರಿಸಿ, ಆಮೇಲೆ ನಗಿಸುತ್ತವೆ. ಮೂಡುಬಿದಿರೆಯಲ್ಲಿ ಹತ್ತೊಂಬತ್ತು ವರ್ಷದಿಂದ ಚೀಟಿ ಬರೆಯುತ್ತಿದ್ದೇನೆ. ವೇಣೂರಿನ ಬಸ್ಸಿನಲ್ಲಿ ಬಂದವರಾಗಲಿ, ಸಿದ್ಧಕಟ್ಟೆಯ ಬಸ್ಸಿನಲ್ಲಿ ಬಂದವರಾಗಲಿ, ಮೊದಲು ನೋಡುವುದು ನನ್ನ ಮುಖವನ್ನು. ಆ ಮುಖದಲ್ಲಿ ಅನುಕಂಪ ಸಾಲದು ಎಂಬುದು ಆಡಳಿತದವರಿಗೆ ಹೋದ ವರ್ಷ ಹೊಳೆಯಿತು.

೧. ಆಳಕ್ಕೆ ಇಳಿದವಳು

ನಮಗೆಲ್ಲ ಅನುಕಂಪ ಕಲಿಸಲು ಬೆಂಗಳೂರಿನಿಂದ ಒಬ್ಬರು ತರಬೇತುದಾರರು ಬಂದರು. ಸಂತೋಷಕ್ಕೂ ಒಂದು ವಿಜ್ಞಾನ ಉಂಟಂತೆ. ಇನ್ನೊಬ್ಬರ ನೋವು ಅರಿತು ಕೈಲಾದ ಸಹಾಯ ಮಾಡಿದರೆ, ಮಾಡಿದವರ ಮಿದುಳಿಗೇ ಖುಷಿಯಾಗುತ್ತದಂತೆ. ಈ ಮಾತಿನ ಮೇಲೆ ನನ್ನ ತಕರಾರಿಲ್ಲ. ತಕರಾರು ಇರುವುದು ಅದನ್ನು ಕೇಳಲು ನಮ್ಮನ್ನು ಕೂರಿಸಿದವರ ಮೇಲೆ. ನನ್ನ ಪಕ್ಕದಲ್ಲಿದ್ದ ನರ್ಸು ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟಿದ್ದವಳು. ಅವಳನ್ನು ಗೇಟಿನಿಂದ ವಾಪಸು ಕರೆದು ಅನುಕಂಪ ಕಲಿಯಲು ಕೂರಿಸಿದ್ದರು. ಈ ಕೆಲಸ ಮಾಡಿಸಿದವರಿಗೆ ಮೊದಲು ಪಾಠ ಆಗಬೇಕಿತ್ತು.

ಎಲ್ಲರೂ ಕಣ್ಣು ಮುಚ್ಚಿ ಪಕ್ಕದವರ ಕಷ್ಟವನ್ನು ನೆನೆಯಿರಿ ಎಂದರು ತರಬೇತುದಾರರು. ಐದು ನಿಮಿಷದ ನಂತರ ಕಣ್ಣು ತೆರೆಯಲು ಹೇಳಿದರು. ಎಲ್ಲರೂ ತೆರೆದರು, ನರ್ಸು ತೆರೆಯಲಿಲ್ಲ. ಅವರು ಅವಳ ಎದುರು ನಿಂತು, ಧ್ವನಿ ತಗ್ಗಿಸಿ, "ನೋಡಿ, ಇವರು ಎಷ್ಟು ಆಳಕ್ಕೆ ಇಳಿದಿದ್ದಾರೆ" ಎಂದರು.

ಅಷ್ಟರಲ್ಲಿ ಆ ಆಳದಿಂದ ಗೊರಕೆ ಕೇಳಿಸಿತು.

೨. ಬೆಂಚು ಹೋಗಿ ಮೆಷಿನ್ ಬಂತು

ಮರುವಾರ ಬಂದು ನೋಡುತ್ತೇನೆ, ಕೌಂಟರಿನ ಎದುರಿನ ಉದ್ದ ಬೆಂಚು ಇಲ್ಲ. ಏಳೆಂಟು ಮಂದಿ ಕೂರುತ್ತಿದ್ದ ಮರದ ಬೆಂಚು ಅದು. ಅದರ ಜಾಗದಲ್ಲಿ "ಸಂತೋಷದ ಮೂಲೆ" ಎಂಬ ಬೋರ್ಡು, ಆಳೆತ್ತರದ ಪ್ಲಾಸ್ಟಿಕ್ ಗಿಡ, ಒಂದು ಮೆಷಿನ್. ಮೆಷಿನಿನ ಮೇಲೆ ಸಾಲಾಗಿ ಐದು ಮೂತಿಗಳು. ಮೊದಲನೆಯದು ಹಸಿರು, ಹಲ್ಲು ಬಿಟ್ಟು ನಗುತ್ತದೆ. ಕೊನೆಯದು ಕೆಂಪು, ಹುಬ್ಬು ಗಂಟಿಕ್ಕಿ ತುಟಿ ಬಿಗಿದಿದೆ. ಯಾವುದನ್ನು ಒತ್ತಿದರೂ ಪೀಂ ಎನ್ನುತ್ತದೆ. ಕೌಂಟರಿನಲ್ಲಿ ಸಿಕ್ಕಿದ ಸೇವೆ ಹೇಗಿತ್ತು ಎಂದು ರೋಗಿಗಳು ಒತ್ತಿ ಹೇಳಬೇಕು.

ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಮೂರು ತಿಂಗಳು ನೋಡುವ, ಕೆಂಪು ಜಾಸ್ತಿ ಬಂದರೆ ಕೆಳಗಿನ ರೆಕಾರ್ಡ್ ರೂಮಿಗೆ ಹೋಗಬೇಕಾಗ್ತದೆ ಎಂದರು. ಕಿಟಕಿಯಿಲ್ಲದ ಕೋಣೆ ಅದು. ಹಳೆಯ ಫೈಲುಗಳಿಗೆ ಅನುಕಂಪ ಬೇಡವಲ್ಲ ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ನನ್ನ ಕೆಲಸದ ಮಾತು ಬಿಟ್ಟು ಬೆಂಚಿನ ಮಾತೆತ್ತಿದೆ. ಜ್ವರದವರು, ಬಸುರಿಯರು, ಪ್ರಾಯ ಸಂದವರು ಎಲ್ಲಿ ಕೂರುವುದು ಎಂದು ಕೇಳಿದೆ.

"ಸ್ವಲ್ಪ ಹೊತ್ತು ನಿಂತುಕೊಂಡರೆ ರಕ್ತ ಸಂಚಾರಕ್ಕೆ ಒಳ್ಳೆಯದು" ಎಂದರು. ಇದನ್ನು ಅವರು ತಿರುಗುವ ಕುರ್ಚಿಯಲ್ಲಿ ಒರಗಿ ಕೂತುಕೊಂಡೇ ಹೇಳಿದರು.

೩. ಅಕ್ಕ ಕನ್ನಡದಲ್ಲಿ ಮಾತಾಡಿದ್ದು

ಇನ್ನು ಮೇಲೆ ಕೌಂಟರಿಗೆ ಬಂದವರ ಹತ್ತಿರ "ನಮಸ್ಕಾರ, ನಾನು ನಿಮಗೆ ಹೇಗೆ ನೆರವಾಗಲಿ?" ಎಂದೇ ಶುರು ಮಾಡಬೇಕು ಎಂದು ಕಾಗದ ಅಂಟಿಸಿದರು. ನನ್ನ ಕೌಂಟರಿನಲ್ಲಿ ಇಷ್ಟು ವರ್ಷ ನಡೆದದ್ದು ತುಳು. ಬೈಯುವುದೂ ತುಳುವಿನಲ್ಲೇ, ವಿಚಾರಿಸುವುದೂ ತುಳುವಿನಲ್ಲೇ. ಕೆಲಸ ಉಳಿಯಬೇಕಲ್ಲ, ಮುಖದಲ್ಲಿ ನಗು ಅಂಟಿಸಿಕೊಂಡು ಕೂತೆ.

ರಕ್ತ ಪರೀಕ್ಷೆಯ ರಿಪೋರ್ಟು ತೆಗೆದುಕೊಂಡು ಹೋಗಲು ವೇಣೂರಿನವರೊಬ್ಬರು ಬಂದರು. ಬಹಳ ವರ್ಷದ ಪರಿಚಯ. ನಾನು ನಗುತ್ತಾ ನಮಸ್ಕಾರ ಹೇಳಿ, ಹೇಗೆ ನೆರವಾಗಲಿ ಎಂದೆ. ಮನುಷ್ಯ ಬಿಳಿಚಿಕೊಂಡರು. ಕೌಂಟರಿನ ಕಟ್ಟೆ ಹಿಡಿದು, ಹಿಂದೆ ನಿಂತಿದ್ದ ಹೆಂಡತಿಯನ್ನು ಕರೆದರು.

"ಇವಳೇ, ಅಣ್ಣನಿಗೆ ಫೋನ್ ಮಾಡು. ಅಕ್ಕ ಕನ್ನಡದಲ್ಲಿ ಮಾತಾಡ್ತಿದ್ದಾರೆ, ರಿಪೋರ್ಟಿನಲ್ಲಿ ಏನೋ ದೊಡ್ಡದೇ ಉಂಟು."

೪. ಅರ್ಥ ಆಗಬೇಕಾದವರು

ರೋಗಿ ಹೇಳಿದ್ದನ್ನೇ ಮೆತ್ತಗೆ ತಿರುಗಿ ಹೇಳಿದರೆ ಅವರಿಗೆ ಸಮಾಧಾನವಾಗುತ್ತದೆ ಎಂದೂ ಕಲಿಸಿದ್ದರು. ಹೊಟ್ಟೆನೋವು ಎಂದು ಬಂದವರೊಬ್ಬರಿಗೆ, ನಿಮಗೆ ಹೊಟ್ಟೆ ನೋಯ್ತಾ ಉಂಟು ಅಂತ ಅನ್ನಿಸ್ತಾ ಉಂಟು ಅಲ್ವಾ ಎಂದೆ. ಅನ್ನಿಸುವುದಲ್ಲ ಮಾರಾಯ್ತಿ, ನೋಯ್ತಾನೇ ಉಂಟು ಎಂದು ಅವರು ರೇಗಿದರು. ಒಬ್ಬೊಬ್ಬರದ್ದೂ ಹೀಗೆ ಎರಡೆರಡು ಸಲ ಆಗಿ, ಸಾಲು ಗೇಟಿನ ತನಕ ಬೆಳೆಯಿತು.

ಆ ದಿನ ಡಾಕ್ಟರು ಬರುವುದು ಬೇರೆ ತಡ. ಒಂಬತ್ತಕ್ಕೆ ಎಂದು ಬೋರ್ಡಿನಲ್ಲಿ ಉಂಟು, ಹನ್ನೊಂದಾದರೂ ಪತ್ತೆಯಿಲ್ಲ. ಕಾಯಿಸುವವರು ಅವರು, ಅನುಕಂಪ ಹಂಚಬೇಕಾದವಳು ನಾನು. ಗೋಡೆಗೆ ಒರಗಿ ನಿಂತಿದ್ದ ಹೆಂಗಸೊಬ್ಬರು ಮೂರನೆಯ ಸಲ ಬಂದು ಕೇಳಿದಾಗ, ಕಲಿಸಿದ್ದನ್ನೇ ಹೇಳಿದೆ. ಕಾದು ಕಾದು ನಿಮಗೆ ಎಷ್ಟು ಕಷ್ಟ ಆಗ್ತಿದೆ ಅಂತ ನನಗೆ ಅರ್ಥ ಆಗ್ತದೆ ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ನಿಮಗೆ ಅರ್ಥ ಆಗಿ ಏನು ಪ್ರಯೋಜನ? ಡಾಕ್ಟರಿಗೆ ಆಗ್ಬೇಕಲ್ಲ."

೫. ಸೋಮವಾರದ ಕೆಂಪು

ಇಷ್ಟೆಲ್ಲ ಹಲ್ಲು ಕಿರಿದರೂ ಕೆಂಪು ಕಡಿಮೆಯಾಗಲಿಲ್ಲ, ಜಾಸ್ತಿಯಾಯಿತು. ಅದರಲ್ಲೂ ಸೋಮವಾರ ಬೆಳಿಗ್ಗೆ ಸಾಲು ಸಾಲು ಕೆಂಪು. ಚೀಟಿ ಬರೆಯುವ ಗಡಿಬಿಡಿಯಲ್ಲಿ ಯಾರು ಯಾವುದನ್ನು ಒತ್ತುತ್ತಾರೆಂದು ತಲೆಯೆತ್ತಿ ನೋಡಲು ನನಗೆಲ್ಲಿ ಪುರಸೊತ್ತು. ನಿಮ್ಮ ಮೇಲೆ ಯಾರಿಗೋ ದ್ವೇಷ ಉಂಟು ಎಂದರು ಮ್ಯಾನೇಜರು. ನನಗೂ ಹಾಗೇ ಅನಿಸಿತು. ಹತ್ತೊಂಬತ್ತು ವರ್ಷ ಈ ಜನಕ್ಕಾಗಿ ಗಂಟಲು ಹರಿದುಕೊಂಡದ್ದಕ್ಕೆ ಇದೇ ಬಹುಮಾನವೇ ಎಂದು ಅಳುವೂ ಬಂತು. ಮೂರು ತಿಂಗಳು ಮುಗಿಯುವ ಸೋಮವಾರ, ಒತ್ತುವವರನ್ನು ಹಿಡಿಯಲೆಂದು ಮ್ಯಾನೇಜರು ಪ್ಲಾಸ್ಟಿಕ್ ಗಿಡದ ಮರೆಯಲ್ಲಿ ನಿಂತರು.

ಸಿದ್ಧಕಟ್ಟೆಯ ಬಸ್ಸು ಬಂತು. ಮುಂದೆ ಕುಂಟುತ್ತಾ ಬಂದವರು ನಮ್ಮ ಸೋಮವಾರದ ಅಜ್ಜಿ. ಶುಗರಿನಿಂದ ಕಾಲಿನ ಗಾಯ ಮಾಯದೆ ವಾರ ವಾರ ಡ್ರೆಸ್ಸಿಂಗಿಗೆ ಬರುವವರು. ಇವರಿಗೆ ನಾನು ಬೈದಷ್ಟು ಬೇರೆ ಯಾರಿಗೂ ಬೈದಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಅರ್ಧ ಮಾಡಿ ನೆರೆಮನೆಯವಳಿಗೆ ಕೊಡುತ್ತಾರೆ, ಪಾಪ ಅವಳಿಗೂ ಶುಗರ್ ಉಂಟಲ್ಲ ಎನ್ನುತ್ತಾರೆ. ತರಬೇತಿಯಾದ ಮೇಲೆ ಬೈಯುವ ಹಾಗಿರಲಿಲ್ಲ. ಬೆಂಚು ಹೋದ ಮೇಲೆ ಅವರನ್ನು ಒಳಗೆ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿ, ನಾನು ನಿಂತು ಚೀಟಿ ಬರೆಯುತ್ತಿದ್ದೆ.

ಆ ಅಜ್ಜಿ ನೆಟ್ಟಗೆ ಮೆಷಿನಿನ ಹತ್ತಿರ ಹೋಗಿ ಕೆಂಪು ಮೂತಿ ಒತ್ತಿದರು. ಪೀಂ. ಅವರ ಹಿಂದೆ ಬಸ್ಸಿನಿಂದ ಇಳಿದವರೆಲ್ಲ ಸಾಲಾಗಿ ಬಂದು ಅದನ್ನೇ ಒತ್ತಿದರು. ಪೀಂ, ಪೀಂ, ಪೀಂ. ನನ್ನ ಎದೆ ಒಡೆದುಹೋಯಿತು.

ಮ್ಯಾನೇಜರು ಗಿಡದ ಹಿಂದಿನಿಂದ ಹೊರಬಂದು, ಇವರ ಮೇಲೆ ಏನು ದೂರು ಉಂಟು, ಹೆದರದೆ ಹೇಳಿ ಎಂದರು.

"ದೂರಾ?" ಅಜ್ಜಿ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇದು ಓಟಿನ ಮೆಷಿನ್ ಅಲ್ವಾ? ಇದನ್ನು ಒತ್ತಿದರೆ ಕೌಂಟರಿನ ಅಕ್ಕನ ಕೆಲಸ ಉಳೀತದೆ ಅಂತ ವಾಚ್‌ಮ್ಯಾನ್ ಹೇಳಿದ. ಓದಲಿಕ್ಕೆ ಬರದಿದ್ದರೆ ಏನಾಯ್ತು, ಇವಳ ಮುಖ ನನಗೆ ಗುರುತಿಲ್ವಾ? ಈ ಕೆಂಪು ಮೂತಿಯೇ ಇವಳ ಚಿಹ್ನೆ. ಬಸ್ಸಿನಲ್ಲಿ ಎಲ್ಲರಿಗೂ ಹೇಳಿ ಕರ್ಕೊಂಡು ಬರ್ತೇನೆ."

ಮ್ಯಾನೇಜರು ಒಮ್ಮೆ ಮೆಷಿನ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು. ಆಗ ನನ್ನ ಹುಬ್ಬು ಹೇಗಿತ್ತೆಂದು ನಾನು ಹೇಳಬೇಕಾಗಿಲ್ಲ. ಮೂರು ತಿಂಗಳಿಂದ ನುಂಗಿಕೊಂಡದ್ದೆಲ್ಲ ಒಂದೇ ಸಲ ಹೊರಬಂತು. ನನ್ನನ್ನು ಕತ್ತಲೆ ಕೋಣೆಗೆ ಕಳಿಸಲು ಹೊರಟದ್ದಕ್ಕೆ, ಮಾತ್ರೆ ಹಂಚಿದ್ದಕ್ಕೆ, ಆ ಕಾಲಿನಲ್ಲಿ ಸಾಲು ನಿಂತದ್ದಕ್ಕೆ, ಅಜ್ಜಿಗೆ ತುಳುವಿನಲ್ಲಿ ಬಾಯಿಗೆ ಬಂದ ಹಾಗೆ ಬೈದೆ. ಬೈಯುವಾಗ ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಜ್ಜಿ ತಲೆಯಾಡಿಸುತ್ತಾ ಖುಷಿಯಿಂದ ಕೇಳಿದರು. ನೀನು ಬೈದು ಎಷ್ಟು ದಿನ ಆಗಿತ್ತು, ನನ್ನ ಮೇಲೆ ಕೋಪ ಅಂತ ಎಣಿಸಿದ್ದೆ ಎಂದರು.

ಆಮೇಲೆ ಮ್ಯಾನೇಜರ ಕಡೆ ತಿರುಗಿದರು. "ಇವಳು ಗೆದ್ದಳಾ?"

"ಗೆದ್ದರು ಅಜ್ಜೀ. ಇನ್ನು ಇವರು ಇಲ್ಲೇ" ಎಂದರು ಮ್ಯಾನೇಜರು.

ಅಜ್ಜಿ ಗೋಡೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ಗೆದ್ದಾಯ್ತಲ್ಲ, ಇನ್ನು ಆ ಬೆಂಚು ವಾಪಸು ಹಾಕಿಸು. ನೀನೂ ಎಲ್ಲರ ಹಾಗೆ ಓಟಿನ ಮರುದಿನ ನಮ್ಮನ್ನು ಮರೆಯಬೇಡ."